ಚಿತ್ರದಲ್ಲಿ ಉಳಿದ ಕ್ರೌಂಚ

ಹೂಗ್ಲಿ ನದಿಯ ಪಶ್ಚಿಮ ದಂಡೆಯಲ್ಲಿರುವ ಹೌರಾದಲ್ಲಿ, ಸಾಂತ್ರಾಗಾಛಿ ರೈಲು ನಿಲ್ದಾಣದ ಬಳಿ, ವಲಸೆ ಹಕ್ಕಿಗಳು ಬಂದಿಳಿಯುವ ಕೆರೆಯೊಂದಿದೆ. ನದಿಯಾಚೆ, ಕೊಲ್ಕತ್ತದ ಭಾರತೀಯ ವಸ್ತುಸಂಗ್ರಹಾಲಯದಲ್ಲಿ, ವಲಸೆ ಹಕ್ಕಿಯೊಂದರ ಹಳೆಯ ಚಿತ್ರವಿದೆ. ಕಲೆಯು ಏನನ್ನು ಉಳಿಸಬಲ್ಲದು, ಏನನ್ನು ಉಳಿಸಲಾರದು ಎಂಬುದನ್ನು ಅರಿಯಲು ನಾವು ಇವೆರಡನ್ನೂ ಒಟ್ಟಿಗೆ ಪರಿಶೀಲಿಸಬೇಕು.

ಚಿತ್ರವು ಸೈಬೀರಿಯಾದ ಬಿಳಿ ಕ್ರೌಂಚದ್ದು. ಇದನ್ನು ರಚಿಸಿದವನು ಜಹಾಂಗೀರನ (ಆಳ್ವಿಕೆ 1605-1627) ಆಸ್ಥಾನದ ಉಸ್ತಾದ್ ಮನ್ಸೂರ್. 'ನಾದಿರ್-ಉಲ್-ಅಸ್ರ್', ಅಂದರೆ 'ಯುಗದ ಅಚ್ಚರಿ', ಎಂಬ ಬಿರುದನ್ನು ಪಡೆದವನು. ಹಕ್ಕಿಯ ಮುಖದಲ್ಲಿ ಗರಿಯಿಲ್ಲದ ಚರ್ಮದ ಸುಕ್ಕುಗಳನ್ನೂ ಅವನ ಕುಂಚ ಬಿಟ್ಟಿಲ್ಲ. ಪ್ರಾಣಿವಿಜ್ಞಾನಿ ಪಲ್ಲಾಸ್ ಈ ಪ್ರಭೇದವನ್ನು ಶಾಸ್ತ್ರೀಯವಾಗಿ ವರ್ಣಿಸಿದ್ದು 1773ರಲ್ಲಿ, ಮನ್ಸೂರನಿಗಿಂತ ಸುಮಾರು ಒಂದೂವರೆ ಶತಮಾನದ ಬಳಿಕ. ಆದುದರಿಂದ ಈ ಕೃತಿಯನ್ನು ನಾವು ದಾಖಲೆಯಾಗಿಯೂ ಓದಬೇಕಾಗುತ್ತದೆ.

ಇಂದು ಆ ದಾಖಲೆಯ ಬೆಲೆ ಹೆಚ್ಚಲು ಕಾರಣ ವಿಷಾದಕರವಾದುದು. ಆಳವಿಲ್ಲದ ನೀರಿನ ಕೆಸರನ್ನು ಕೆದಕಿ ಗೆಡ್ಡೆಗಳನ್ನು ತಿಂದು ಬದುಕುವ ಈ ಹಕ್ಕಿಗಳು ರಾಜಸ್ಥಾನದ ಭರತಪುರದಲ್ಲಿ 1964-65ರ ಚಳಿಗಾಲದಲ್ಲಿ ಸುಮಾರು 200 ಇದ್ದವು. 2002ರ ಬಳಿಕ ಒಂದೂ ಬಂದಿಲ್ಲ. ಅಲ್ಲಿನ ಕೇವಲಾದೇವ್ ಉದ್ಯಾನಕ್ಕೆ 1985ರಲ್ಲಿಯೇ ವಿಶ್ವ ಪರಂಪರೆಯ ಮನ್ನಣೆ ದೊರೆತಿತ್ತು. ಆದರೆ ತಂಗುದಾಣಕ್ಕೆ ದೊರೆತ ರಕ್ಷಣೆ ಹಾದಿಗೆ ದೊರೆಯಲಿಲ್ಲ: ಅಫಘಾನಿಸ್ತಾನ, ಪಾಕಿಸ್ತಾನಗಳ ಮಾರ್ಗದಲ್ಲಿ ಬೇಟೆ ನಡೆಯಿತು, ನಡುದಾರಿಯ ಜೌಗುಗಳು ಬತ್ತಿದವು. ಉಳಿದಿರುವ ಕ್ರೌಂಚಗಳಲ್ಲಿ ಬಹುಪಾಲು ಇಂದು ಚಳಿಗಾಲವನ್ನು ಕಳೆಯುವುದು ಚೀನಾದ ಪೋಯಾಂಗ್ ಸರೋವರದ ಆಸುಪಾಸಿನಲ್ಲಿ.

ಹೌರಾದ ಕೆರೆಗೆ ಮುಖ್ಯವಾಗಿ ಬರುವುದು ಕ್ರೌಂಚವಲ್ಲ, ಶಿಳ್ಳೆ ಬಾತು. ಈ ಬಾತು ಇನ್ನೂ ಅಪರೂಪವಾಗಿಲ್ಲ. ಅಪಾಯವಿರುವುದು ಅದರ ನೀರಿಗೆ. ಸುತ್ತಲಿನ ವಸತಿಗಳ ಕೊಳಚೆ ಕೆರೆಗೆ ಸೇರುವುದರಿಂದ ಜಲಕಳೆ ಹುಲುಸಾಗಿ ಬೆಳೆಯುತ್ತದೆ. ಕಳೆ ಮುಚ್ಚಿಕೊಂಡರೆ ಹಕ್ಕಿಗೆ ಈಜಲು ತೆರೆದ ನೀರಿಲ್ಲ. ಪೂರ್ತಿ ಕಿತ್ತರೆ ವಿಶ್ರಮಿಸಲು ನೆಲೆಯಿಲ್ಲ. ಹೀಗಾಗಿ ಚಳಿಗಾಲಕ್ಕೆ ಮುನ್ನ ಕಳೆಯನ್ನು ತೆಗೆದು, ಅಲ್ಲಲ್ಲಿ ತೇಲುವ ದ್ವೀಪಗಳಂತೆ ಅದನ್ನೇ ಉಳಿಸುವ ಕ್ರಮವನ್ನು ಇಲ್ಲಿ ಅನುಸರಿಸಲಾಗಿದೆ. ಕೊಳಚೆ ನಿಲ್ಲದಿದ್ದರೆ ಈ ಶ್ರಮವು ಪ್ರತಿವರ್ಷವೂ ಮೊದಲಿನಿಂದ ಆರಂಭವಾಗಬೇಕು.

ಮನ್ಸೂರನ ಚಿತ್ರವು ಹಕ್ಕಿಯ ರೂಪವನ್ನು ಸುಮಾರು ನಾಲ್ಕು ಶತಮಾನ ಕಾಪಾಡಿದೆ. ಹಕ್ಕಿಯ ಬರವನ್ನು ಕಾಪಾಡುವ ಹೊಣೆ ಚಿತ್ರದ್ದಲ್ಲ. ಶಿಳ್ಳೆ ಬಾತನ್ನು ಮುಂದಿನವರು ಚಿತ್ರದಲ್ಲಿ ಮಾತ್ರ ಕಾಣುವಂತಾಗಬಾರದೆಂದರೆ, ಕಾಯಬೇಕಾದುದು ಆ ಕೆರೆಯ ನೀರನ್ನು ಎಂಬುದು ನಮ್ಮ ಅಭಿಪ್ರಾಯ.