ಬೂತಾಯಿಯ ಲೆಕ್ಕ, ಉಲ್ಲೇಖದ ಲೆಕ್ಕ

ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ನಿಂತು ಕಡಲಿನ ಮಾತೆತ್ತಿದರೆ ಯಾರಾದರೂ ನಕ್ಕಾರು. ಕೋಚಿಂಗ್ ಸೆಂಟರುಗಳು, ಹಾಸ್ಟೆಲ್ಲುಗಳು, ವಿಜಯವಾಡ ಹೆದ್ದಾರಿಯ ಗದ್ದಲ. ಮೀನೆಂದರೆ ಇಲ್ಲಿಯವರಿಗೆ ಮೊದಲು ನೆನಪಾಗುವುದು ಕೆರೆಯ ರೋಹು, ಕಾಟ್ಲಾ. ಆದರೆ ಇಲ್ಲಿಂದ ಮಿಯಾಪುರದ ಮೆಟ್ರೊ ಹತ್ತಿ, ಜೆಎನ್‌ಟಿಯು ಕಾಲೇಜು ನಿಲ್ದಾಣದಲ್ಲಿ ಇಳಿದು ಪ್ರಗತಿನಗರದ ದಾರಿ ಹಿಡಿದರೆ ಇನ್ಕಾಯ್ಸ್ ಸಿಗುತ್ತದೆ. ಇದು ಕೇಂದ್ರ ಸರ್ಕಾರದ ಸಾಗರ ಮಾಹಿತಿ ಸೇವಾ ಕೇಂದ್ರ. ಮಲ್ಪೆಯ ತಾಂಡೇಲ ಬೋಟು ಬಿಡುವ ಮೊದಲು ನೋಡುವ ಮೀನಿನ ಮುನ್ಸೂಚನೆ ತಯಾರಾಗುವುದು ಕಡಲೇ ಇಲ್ಲದ ಈ ಊರಿನಲ್ಲಿ. ನಮ್ಮ ಕಡೆಯದೂ ಇದೇ ಕತೆ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಇವತ್ತು ಬೀದರಿನ ವಿಶ್ವವಿದ್ಯಾಲಯದ ಸುಪರ್ದಿಯಲ್ಲಿದೆ. ಬೀದರಿಗೆ ಮಂಗಳೂರಿಗಿಂತ ಹೈದರಾಬಾದೇ ಎಷ್ಟೋ ಹತ್ತಿರ.

ಇನ್ಕಾಯ್ಸ್ ಕಳಿಸುವ ಸೂಚನೆ ತೀರಾ ಸರಳ. ಇಂಥ ಬಂದರಿನಿಂದ ಇಂಥ ದಿಕ್ಕಿಗೆ, ಇಷ್ಟು ಕಿಲೋಮೀಟರು, ಅಲ್ಲಿ ಆಳ ಇಷ್ಟು ಮೀಟರು, ಜೊತೆಗೆ ಅಕ್ಷಾಂಶ, ರೇಖಾಂಶ. ಕನ್ನಡದಲ್ಲೂ ಬರುತ್ತದೆ. ಇದರ ಹಿಂದಿರುವುದು ಉಪಗ್ರಹ ಅಳೆದ ಎರಡು ಸಂಗತಿಗಳು: ಕಡಲ ಮೇಲ್ಮೈಯ ಉಷ್ಣಾಂಶ ಮತ್ತು ನೀರಿನ ಹಸಿರು, ಅಂದರೆ ಕ್ಲೋರೊಫಿಲ್. ಈ ಹಸಿರನ್ನು ಆಕಾಶದಿಂದಲೇ ಅಳೆಯಲು ಭಾರತ 1999ರ ಮೇ ತಿಂಗಳಲ್ಲಿ ಓಷನ್‌ಸ್ಯಾಟ್-1 ಹಾರಿಸಿತು. ಹಸಿರಿದ್ದಲ್ಲಿ ಸೂಕ್ಷ್ಮ ಪಾಚಿ, ಪಾಚಿ ಇದ್ದಲ್ಲಿ ಅದನ್ನು ತಿನ್ನುವ ಮೀನು.

ಈ ತರ್ಕ ಉಪಗ್ರಹಕ್ಕಿಂತ ಬಹಳ ಹಳೆಯದು. ಆರ್. ವಿ. ನಾಯರ್ ಮತ್ತು ಆರ್. ಸುಬ್ರಹ್ಮಣ್ಯನ್ ಎಂಬ ವಿಜ್ಞಾನಿಗಳು 1955ರಲ್ಲಿ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಬರೆದರು. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಪಾಚಿ ಹೇರಳವಾಗಿ ಕಂಡರೆ ಬೂತಾಯಿ, ಅಂದರೆ ಎಣ್ಣೆ ಸಾರ್ಡೀನ್ ಮೀನು, ಹೇರಳವಾಗಿ ಬರುವ ಲಕ್ಷಣ ಎಂಬುದು ಅದರ ಸಾರ. ಎರಡು ಪುಟದ ಆ ಬರಹವನ್ನು ಬೂತಾಯಿಯ ಮೇಲೆ ಕೆಲಸ ಮಾಡುವವರು ಇಂದಿಗೂ ಉಲ್ಲೇಖಿಸುತ್ತಾರೆ. ತಾಂಡೇಲ ಮಾತ್ರ ಉಲ್ಲೇಖಿಸುವುದಿಲ್ಲ. ಸೂಚನೆ ನೋಡಿ ಹೋಗಿ, ಬಲೆ ತುಂಬಿಸಿಕೊಂಡು, ದಕ್ಕೆಗೆ ಬಂದು ಮಾರಿ ಮನೆಗೆ ಹೋಗುತ್ತಾನೆ. ಮೀನು ಹುಡುಕಿ ಅಲೆಯುವುದು ತಪ್ಪಿ ಅವನಿಗೆ ಉಳಿದ ಡೀಸೆಲ್ಲು ಯಾವ ವಿಜ್ಞಾನಿಯ ಖಾತೆಗೂ ಜಮೆಯಾಗುವುದಿಲ್ಲ.

ಖಾತೆಗೆ ಜಮೆಯಾಗುವುದು ಬೇರೆ: ಉಲ್ಲೇಖ. ಮಾಹಿತಿ ವಿಜ್ಞಾನಿ ಯೂಜಿನ್ ಗಾರ್ಫೀಲ್ಡ್ 1960ರ ದಶಕದಲ್ಲಿ ಉಲ್ಲೇಖಗಳ ಸೂಚಿ ಹೊರತಂದದ್ದು ಯಾವ ಲೇಖನ ಯಾವುದಕ್ಕೆ ಋಣಿ ಎಂದು ಹುಡುಕಲು ನೆರವಾಗಲಿ ಎಂದು. ಆಮೇಲೆ ಅದೇ ಅಳತೆಗೋಲಾಯಿತು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಸೂಚಿಸಿದರು: ತಲಾ 20 ಸಲವಾದರೂ ಉಲ್ಲೇಖಗೊಂಡ 20 ಲೇಖನ ನಿಮ್ಮ ಹೆಸರಿನಲ್ಲಿದ್ದರೆ ನಿಮ್ಮ ಅಂಕ 20. ಕೃಷಿ ಮತ್ತು ಮೀನುಗಾರಿಕೆ ವಿಜ್ಞಾನಿಗಳ ಆಯ್ಕೆಯಲ್ಲಿ ಲೇಖನ ಎಂಥ ಪತ್ರಿಕೆಯಲ್ಲಿ ಬಂತು, ಅದರ ರೇಟಿಂಗ್ ಎಷ್ಟು ಎಂಬುದಕ್ಕೂ ಅಂಕವಿದೆ. ದಿಲ್‌ಸುಖ್‌ನಗರದ ಹಾಸ್ಟೆಲ್ಲಿನಲ್ಲಿ ಕಟ್‌ಆಫ್ ಲೆಕ್ಕ ಹಾಕುವ ಹುಡುಗನಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಂಕಕ್ಕೆ ಮೀನಿನ ಜಾತಿಯೂ ಅಡ್ಡ ಬರುತ್ತದೆ ಎಂಬುದು ನನ್ನ ದೂರು. ಮಂಗಳೂರು ಕಾಲೇಜಿನ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಸಂಗಡಿಗರು 1994ರಲ್ಲಿ ‘ಅಕ್ವಾಕಲ್ಚರ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಔಷಧಕ್ಕೆ ಬಗ್ಗದ ವಿಬ್ರಿಯೊ ಬ್ಯಾಕ್ಟೀರಿಯಾ ಹ್ಯಾಚರಿಯ ಟೈಗರ್ ಸಿಗಡಿ ಮರಿಗಳನ್ನು ಹೇಗೆ ಸಾಲುಸಾಲಾಗಿ ಕೊಲ್ಲುತ್ತದೆ ಎಂಬುದು ವಿಷಯ. ಥಾಯ್ಲೆಂಡಿನಿಂದ ಈಕ್ವೆಡಾರಿನವರೆಗೆ ಸಿಗಡಿ ಸಾಕುವವರ ಸಮಸ್ಯೆ ಅದು, ಹಾಗಾಗಿ ಓದುಗರೂ ಅಷ್ಟೇ ದೂರದವರು. ಸಲ್ಲಬೇಕಾದ ಮನ್ನಣೆಯೇ ಸಂದಿದೆ. ಅಷ್ಟೇ ಶ್ರದ್ಧೆಯಿಂದ ಬೂತಾಯಿಯ ಮೊಟ್ಟೆ ಇಡುವ ಕಾಲ ಗುರುತಿಸಿದವರಿಗೆ ಅಷ್ಟು ಓದುಗರು ಎಲ್ಲಿಂದ ಬರಬೇಕು? ಆ ಮೀನು ಇರುವುದೇ ಹೆಚ್ಚಾಗಿ ಅರಬ್ಬಿ ಸಮುದ್ರದ ಸುತ್ತಮುತ್ತ.

ಆ 1994ರ ಲೇಖನದಲ್ಲಿ ಇನ್ನೊಂದು ತಮಾಷೆಯಿದೆ. ಗಂಡ ಹೆಂಡತಿ ಇಬ್ಬರ ಹೆಸರೂ ಅಚ್ಚಾದದ್ದು ‘ಕರುಣಾಸಾಗರ್ ಐ.’ ಎಂದು, ಒಬ್ಬರು ಮೊದಲಿಗೆ, ಒಬ್ಬರು ಕೊನೆಗೆ. ಯಾವ ಐ. ಯಾರು ಎಂದು ಮಂಗಳೂರಿನವರಿಗೆ ಗೊತ್ತು, ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಶೆಟ್ಟಿ, ರಾವ್, ರೆಡ್ಡಿಗಳ ನಾಡಿನಲ್ಲಿ ಇದು ಬರೀ ತಮಾಷೆಯಲ್ಲ. ಒಬ್ಬರ ಕೆಲಸ ಇನ್ನೊಬ್ಬರ ಹೆಸರಿಗೆ ಸೇರಬಹುದು, ಒಬ್ಬರೇ ಇಬ್ಬರಾಗಿ ಒಡೆದು ಎಚ್-ಇಂಡೆಕ್ಸ್ ಕುಗ್ಗಬಹುದು. 2012ರಿಂದ ಸಂಶೋಧಕರಿಗೆ ಆರ್ಕಿಡ್ ಎಂಬ 16 ಅಂಕೆಗಳ ಗುರುತು ಕೊಡುತ್ತಿರುವುದು ಈ ಗೋಜಲಿಗಾಗಿಯೇ.

ಇಷ್ಟಾದ ಮೇಲೂ ಲೇಖಕರ ಪಟ್ಟಿಯಲ್ಲಿ ಕಾಣದವರು ಕೆಲವರಿದ್ದಾರೆ. ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಮೀಕ್ಷೆ ಸಿಬ್ಬಂದಿ ಕಾರವಾರದಿಂದ ಮಂಗಳೂರಿನವರೆಗಿನ ದಕ್ಕೆಗಳಲ್ಲಿ ಗೊತ್ತುಪಡಿಸಿದ ದಿನ ನಿಲ್ಲುತ್ತಾರೆ. ಎಲ್ಲ ಬೋಟು ನೋಡಲು ಸಾಧ್ಯವಿಲ್ಲವಾದ್ದರಿಂದ ಕ್ರಮ ಪ್ರಕಾರ ಕೆಲವನ್ನು ಆರಿಸಿ, ಯಾವ ಬಲೆ, ಎಷ್ಟು ಹೊತ್ತಿನ ದುಡಿಮೆ, ಯಾವ ಜಾತಿ ಎಷ್ಟು ಕಿಲೊ ಎಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಹರಾಜಿನ ಕೂಗಿನ ನಡುವೆಯೇ ಬೂತಾಯಿಯನ್ನು ಅಳತೆ ಹಲಗೆಯ ಮೇಲಿಟ್ಟು ಮೂತಿಯಿಂದ ಬಾಲದ ತುದಿಯವರೆಗೆ ಅಳೆಯುವುದೂ ಉಂಟು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಇದ್ದ ಬೂತಾಯಿ 2021ರ ಹೊತ್ತಿಗೆ ನಾಲ್ಕು ಸಾವಿರ ಟನ್ನಿಗಿಂತ ಕೆಳಗಿಳಿದದ್ದು ನಮಗೆ ಗೊತ್ತಾದದ್ದು ಇಂಥದೇ ಪುಸ್ತಕಗಳಿಂದ. ಅದರ ಕಾರಣಗಳ ಮೇಲೆ ಲೇಖನಗಳು ಬಂದಿವೆ, ಬರುತ್ತಲೂ ಇವೆ. ಅಂಕಿಗಳ ಮೂಲ ಎಂದು ಅವುಗಳಲ್ಲಿ ಬರುವುದು ಸಂಸ್ಥೆಯ ಹೆಸರು.