ಆಟದ ಪೆಟ್ಟಿಗೆ ಬರೀ ಆಟಕ್ಕಲ್ಲ

ನಮ್ಮಂಥವರ ಮನೆಯ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇನ್ನೊಂದು ಆಸ್ತಿ ಅಡಗಿರುತ್ತದೆ. ಮದುವೆ, ನಾಮಕರಣ, ಉಪನಯನ, ಗೃಹಪ್ರವೇಶ ಇವುಗಳ ಡಿಸ್ಕುಗಳು! ಪ್ಲಾಸ್ಟಿಕ್ ಡಬ್ಬಿ, ಅದರ ಮೇಲೆ ಗುಲಾಬಿ ಹೂಗಳ ನಡುವೆ ವಧೂವರರ ಫೋಟೋ. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ, ಪೆನ್ ಡ್ರೈವ್ ಬರುವ ತನಕ, ಸ್ಟುಡಿಯೋದವರು ನಮ್ಮ ಕೈಗೆ ಕೊಟ್ಟಿದ್ದು ಇದನ್ನೇ. ಈಗ ಅದನ್ನು ಹಾಕಿ ನೋಡೋಣ ಅಂದರೆ ಮನೆಯಲ್ಲಿ ಯಂತ್ರವೇ ಇಲ್ಲ. ಡಿವಿಡಿ ಪ್ಲೇಯರ್ ಎಂದೋ ಗುಜರಿಗೆ ಹೋಯಿತು. ಮಕ್ಕಳ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ಪೇಟೆಯಲ್ಲಿ ಕೇಳಿದರೆ, "ಅದೆಲ್ಲ ಈಗ ಎಲ್ಲಿ ಬರುತ್ತೆ ಅಮ್ಮಾ" ಎಂಬ ಉತ್ತರ.

ಸೋದರಿಯರೇ, ಅಂಗಡಿ ಸುತ್ತುವ ಮೊದಲು ನಿಮ್ಮ ಮನೆಯ ಅಟ್ಟವನ್ನೊಮ್ಮೆ ನೋಡಿ. ಮಗನೋ ಮೈದುನನೋ ಒಂದು ಕಾಲಕ್ಕೆ ಹಗಲೂ ರಾತ್ರಿ ಗುಂಡಿ ಒತ್ತುತ್ತ ಕೂತಿದ್ದ ಆ ಕಪ್ಪು ಆಟದ ಪೆಟ್ಟಿಗೆ ಅಲ್ಲೇನಾದರೂ ಇದೆಯೇ? ಇದ್ದರೆ ನಿಮ್ಮ ಅರ್ಧ ಕೆಲಸ ಆಯಿತು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಎಂಬ ಹೆಸರಿನ ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಡಿವಿಡಿಯನ್ನೂ ಓದುತ್ತವೆ. ಇದೇನೂ ಕಳ್ಳದಾರಿಯಲ್ಲ. ತಯಾರಿಸಿದವರೇ ಬೇಕೆಂದು ಇಟ್ಟ ಸೌಕರ್ಯ.

ಅವರೇಕೆ ಇಟ್ಟರು ಅಂತ ತಿಳಿದರೆ ನಿಮಗೂ ಮೋಜೆನಿಸೀತು. ಜಪಾನಿನ ಸೋನಿ ಕಂಪನಿ ಪ್ಲೇಸ್ಟೇಷನ್ 2 ಅನ್ನು ಅಲ್ಲಿ ಮಾರಾಟಕ್ಕೆ ಬಿಟ್ಟದ್ದು 2000ದ ಮಾರ್ಚ್ 4ರಂದು, 39,800 ಯೆನ್ ಬೆಲೆಗೆ. ಆಗ ಡಿವಿಡಿ ಎಂಬುದೇ ಹೊಸತು, ಬರೀ ಡಿವಿಡಿ ಯಂತ್ರಕ್ಕೇ ಕೈತುಂಬ ಹಣ ಕೊಡಬೇಕಾಗಿತ್ತು. ಅದೇ ದುಡ್ಡಿಗೆ ಆಟವೂ ಉಂಟು, ಸಿನಿಮಾನೂ ಉಂಟು ಅಂದರೆ ಯಾರು ಬಿಡುತ್ತಾರೆ? ಮಕ್ಕಳು ಆಟಕ್ಕೆ ಕೇಳಿದರು, ಅಪ್ಪ ಅಮ್ಮ ಸಿನಿಮಾಕ್ಕೆಂದು ಒಪ್ಪಿಕೊಂಡರು. 2013ರ ಆರಂಭದಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಪ್ರಪಂಚದಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಗಿತ್ತು.

2006ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 3 ಬಂದಾಗಲೂ ಅದೇ ಉಪಾಯ. ಈ ಸಲ ಬ್ಲೂ-ರೇ ಎಂಬ ಹೊಸ ಡಿಸ್ಕು. ಅಮೆರಿಕದಲ್ಲಿ ಆ ವರ್ಷ ಬರೀ ಬ್ಲೂ-ರೇ ಯಂತ್ರಕ್ಕೆ ಸುಮಾರು 1000 ಡಾಲರ್. ಪ್ಲೇಸ್ಟೇಷನ್ 3ಕ್ಕೆ 499 ಮತ್ತು 599. ಕಂಪನಿ ನಷ್ಟ ಮಾಡಿಕೊಂಡೇ ಮಾರಿತು. ಎದುರು ಪಕ್ಷದಲ್ಲಿ ತೋಷಿಬಾದವರ ಎಚ್‌ಡಿ ಡಿವಿಡಿ ಎಂಬ ಇನ್ನೊಂದು ಡಿಸ್ಕಿತ್ತು. 2008ರ ಫೆಬ್ರವರಿಯಲ್ಲಿ ಅವರು ಕೈಚೆಲ್ಲಿದರು. ಆಟದ ಪೆಟ್ಟಿಗೆಯ ನೆಪದಲ್ಲಿ ಬ್ಲೂ-ರೇ ಅಷ್ಟೊಂದು ಮನೆಗಳನ್ನು ಹೊಕ್ಕು ಕೂತಿದ್ದೂ ಅದಕ್ಕೊಂದು ಕಾರಣ.

ಇರಲಿ, ಅವರ ವ್ಯಾಪಾರ ಅವರಿಗೆ. ನಮಗೆ ಬೇಕಾದ್ದು ಯಾವ ಪೆಟ್ಟಿಗೆ ಯಾವ ಡಿಸ್ಕು ಓದುತ್ತದೆ ಎಂಬುದು.

ಡಿಸ್ಕುಗಳೆಲ್ಲ ನೋಡಲು ಒಂದೇ ಥರ, ಆದರೆ ಗುಣ ಬೇರೆ. ನುಚ್ಚು, ರವೆ, ಹಿಟ್ಟು ಇದ್ದಂತೆ ಅಂದುಕೊಳ್ಳಿ. ಸೀಡಿ ಮತ್ತು ವಿಸಿಡಿಗಳಲ್ಲಿ ಗುರುತುಗಳು ದಪ್ಪ. 700 ಎಂಬಿಯಷ್ಟು ಹಿಡಿಸುತ್ತದೆ. ಅದಕ್ಕೇ ಮದುವೆಯ ವಿಸಿಡಿ ಮೂರು ನಾಲ್ಕು ಡಿಸ್ಕಿಗೆ ಹೋಗುತ್ತಿತ್ತು. ಡಿವಿಡಿಯ ಗುರುತುಗಳು ಸಣ್ಣ, ಒಂದರಲ್ಲಿ 4.7 ಜಿಬಿ. ಬ್ಲೂ-ರೇಯದು ಇನ್ನೂ ನುಣ್ಣಗೆ, ಒಂದು ಪದರದಲ್ಲಿ 25 ಜಿಬಿ. ಡಿವಿಡಿ ಓದುವ ಬೆಳಕು ಕೆಂಪು, ಬ್ಲೂ-ರೇಯದು ನೀಲಿ ನೇರಳೆ. ಕೆಂಪು ಬೆಳಕಿನ ಯಂತ್ರಕ್ಕೆ ಬ್ಲೂ-ರೇ ಹಾಕಿದರೆ ಏನೂ ಕಾಣದು.

ಪ್ಲೇಸ್ಟೇಷನ್ 2 ಡಿವಿಡಿ ಓದುತ್ತದೆ, ಹಾಡಿನ ಸೀಡಿ ಓದುತ್ತದೆ, ವಿಸಿಡಿ ಮಾತ್ರ ಓದುವುದಿಲ್ಲ. ಇದನ್ನು ನೆನಪಿಡಿ, ಏಕೆಂದರೆ 2000ದ ಆಸುಪಾಸಿನ ನಮ್ಮೂರ ಕಡೆಯ ಮದುವೆಗಳೆಲ್ಲ ವಿಸಿಡಿಯಲ್ಲೇ ಇವೆ. ಪ್ಲೇಸ್ಟೇಷನ್ 3 ಡಿವಿಡಿ, ಬ್ಲೂ-ರೇ, ಹಾಡಿನ ಸೀಡಿ ಮೂರನ್ನೂ ಓದುತ್ತದೆ. ಹಾಡಿನ ಸೀಡಿಯನ್ನು ತನ್ನ ಹೊಟ್ಟೆಯೊಳಗಿನ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದೂ ಅದಕ್ಕೆ ಗೊತ್ತು. ಭಾವಗೀತೆ, ದೇವರನಾಮದ ಸೀಡಿ ರಾಶಿ ಇದ್ದವರಿಗೆ ಇದು ಒಳ್ಳೆಯ ಅನುಕೂಲ. ವಿಚಿತ್ರ ನೋಡಿ, ಆಮೇಲೆ ಬಂದ ಪ್ಲೇಸ್ಟೇಷನ್ 4 ಮತ್ತು 5 ಹಾಡಿನ ಸೀಡಿಯನ್ನೇ ಓದುವುದಿಲ್ಲ! ಹೊಸದಾದಷ್ಟೂ ಕೆಲಸ ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯದು. ಪ್ಲೇಸ್ಟೇಷನ್ 4ರಲ್ಲಿ ಡಿವಿಡಿ ನೋಡಬೇಕಾದರೂ ಮೊದಲ ಸಲ ಒಮ್ಮೆ ಇಂಟರ್‌ನೆಟ್ಟಿಗೆ ಜೋಡಿಸಲೇಬೇಕು. ಹೊಸ ಪೆಟ್ಟಿಗೆಗಳಲ್ಲಂತೂ ಡಿಸ್ಕಿನ ಬಾಯಿ ಇಲ್ಲದ ಮಾದರಿಗಳೇ ಇವೆ.

ಎಕ್ಸ್‌ಬಾಕ್ಸ್ ಇದ್ದವರು ಕೇಳಿ. 2001ರ ಮೊದಲ ಎಕ್ಸ್‌ಬಾಕ್ಸ್‌ನಲ್ಲಿ ಡಿವಿಡಿ ನೋಡಲು ಬೇರೆ ರಿಮೋಟ್ ಕೊಳ್ಳಬೇಕಿತ್ತು. ಎಕ್ಸ್‌ಬಾಕ್ಸ್ 360 ಹಾಗೇ ಓದುತ್ತದೆ. ನಿಂಟೆಂಡೊ ವೀ ಇದ್ದರೆ ಅದನ್ನು ಮಕ್ಕಳಿಗೇ ಬಿಡಿ, ಅದು ಡಿವಿಡಿ ಮುಟ್ಟುವುದಿಲ್ಲ.

ನಮ್ಮ ಮನೆಯಲ್ಲಿ ಇರುವುದು ಪ್ಲೇಸ್ಟೇಷನ್ 3. ಮಗ ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನ ಗೆಳೆಯನಿಂದ ಅರ್ಧ ಬೆಲೆಗೆ ಕೊಂಡು ತಂದಿದ್ದ. ಅವನಿಗೆ ಬೆಂಗಳೂರಿನಲ್ಲಿ ಕೆಲಸವಾದ ಮೇಲೆ ಅದು ಅಟ್ಟ ಸೇರಿತು. ಹೋದ ವರ್ಷ ಪಕ್ಷಮಾಸದಲ್ಲಿ ನಮ್ಮತ್ತೆಯವರು ಇದ್ದಕ್ಕಿದ್ದಂತೆ, "ಅವರ ಷಷ್ಟ್ಯಬ್ದಿ ಸೀಡಿ ಒಂದ್ಸಲ ಹಾಕ್ರೇ, ನೋಡ್ತೀನಿ" ಅಂದರು. ಮಾವನವರ ಅರವತ್ತರ ಶಾಂತಿ ಆದದ್ದು 2007ರಲ್ಲಿ. ಅವರು ತೀರಿಕೊಂಡು ಹತ್ತು ವರ್ಷವಾಯಿತು. ಅತ್ತೆಯವರಿಗೆ ಈಚೆಗೆ ಮರೆವು ಜಾಸ್ತಿ. ಬೆಳಿಗ್ಗೆ ಮಾತ್ರೆ ತೆಗೆದುಕೊಂಡದ್ದು ಮಧ್ಯಾಹ್ನಕ್ಕೆ ನೆನಪಿರದು. ಒಂದು ದಿನ ನನ್ನನ್ನು ಕರೆದು ಮೆಲ್ಲಗೆ, "ಅವರ ಧ್ವನಿ ನೆನಪಿಗೆ ಬರ್ತಾ ಇಲ್ಲ ಕಣೇ" ಅಂದಿದ್ದರು. ಅದಾದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಚಿತ್ರ ತೆಗೆದ ಸ್ಟುಡಿಯೋ ಮುಚ್ಚಿ ಅಲ್ಲೀಗ ಮೊಬೈಲ್ ಅಂಗಡಿ ಇದೆ. ಮೂಲ ಪ್ರತಿ ಯಾರ ಬಳಿಯೂ ಇಲ್ಲ. ಮನೆಯಲ್ಲಿದ್ದ ಮೂರು ಡಿಸ್ಕೇ ಗತಿ.

ಮಗನಿಗೆ ಫೋನ್ ಮಾಡಿದೆ. "ಅಮ್ಮಾ, ಪ್ಲೇಸ್ಟೇಷನ್ ಇಳಿಸು, ಅದರಲ್ಲೇ ಓಡುತ್ತೆ" ಅಂದ. ನಮ್ಮವರಿಗೆ ನಂಬಿಕೆ ಇರಲಿಲ್ಲ. ಸ್ಟೂಲು ಹಿಡಿದುಕೊಂಡು ನಿಂತೇ, "ಆಟದ ಸಾಮಾನಿನಲ್ಲಿ ಅಪ್ಪನ ಶಾಂತಿ ನೋಡೋದಾ?" ಅಂತ ಗೊಣಗಿದರು.

ಜೋಡಿಸುವುದು ಮಿಕ್ಸಿ ಜೋಡಿಸುವಷ್ಟೇ ಸುಲಭ. ಪ್ಲೇಸ್ಟೇಷನ್ 3ರ ಹಿಂದೆ ಎಚ್‌ಡಿಎಂಐ ಎಂಬ ಚಪ್ಪಟೆ ಕಿಂಡಿ ಇದೆ. ಈಗಿನ ಟಿವಿಗಳಲ್ಲೂ ಇದೆ. ಎರಡರ ನಡುವೆ ಒಂದು ಕೇಬಲ್, ಅಷ್ಟೇ. ಪ್ಲೇಸ್ಟೇಷನ್ 2ರಲ್ಲಿ ಇರುವುದು ಹಳದಿ, ಬಿಳಿ, ಕೆಂಪು ತುದಿಗಳ ಹಳೆಯ ವೈರು. ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಹೊಸ ಟಿವಿಯಲ್ಲಿ ಆ ಮೂರು ತೂತು ಇಲ್ಲದಿದ್ದರೆ ಎವಿಯನ್ನು ಎಚ್‌ಡಿಎಂಐಗೆ ಬದಲಾಯಿಸುವ ಬೆಂಕಿಪೊಟ್ಟಣದಂಥ ಡಬ್ಬಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ ಎಚ್ಚರ! ಎಚ್‌ಡಿಎಂಐಯನ್ನು ಎವಿಗೆ ಬದಲಾಯಿಸುವ ಇನ್ನೊಂದು ಡಬ್ಬಿಯೂ ತದ್ರೂಪು ಹಾಗೇ ಇರುತ್ತದೆ. ಅದು ನಮಗೆ ಕೆಲಸಕ್ಕೆ ಬಾರದು. ಮನೆಯಲ್ಲಿ ಹಳೆಯ ಡಬ್ಬಾ ಟಿವಿಯೇ ಇದ್ದರೆ ಪ್ಲೇಸ್ಟೇಷನ್ 2ರ ವೈರೇ 3ಕ್ಕೂ ಹೊಂದುತ್ತದೆ.

ಕರೆಂಟಿನ ವಿಷಯದಲ್ಲಿ ಒಂದು ಮಾತು. ಅಮೆರಿಕದಿಂದ ನೆಂಟರು ತಂದ ಪೆಟ್ಟಿಗೆಯಾದರೆ ಹಿಂಭಾಗದ ಅಕ್ಷರ ಓದದೆ ಪ್ಲಗ್ಗಿಗೆ ಹಾಕಬೇಡಿ. 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ 230 ವೋಲ್ಟಿಗೆ ಅದು ಸುಟ್ಟು ಹೋಗಬಹುದು. ಮೊದಲ ಮಾದರಿಯ ದಪ್ಪ ಪ್ಲೇಸ್ಟೇಷನ್ 3 ಎರಡು ಸೀಲಿಂಗ್ ಫ್ಯಾನಿನಷ್ಟು ಕರೆಂಟು ಎಳೆಯುತ್ತದೆ, ಬಿಸಿಯೂ ಆಗುತ್ತದೆ. ಅದನ್ನು ಷೋಕೇಸಿನೊಳಗೆ ತುರುಕಿ ಮೇಲೆ ಕ್ರೋಷಾ ಬಟ್ಟೆ ಹೊದಿಸುವ ನಮ್ಮ ಅಭ್ಯಾಸ ಇಲ್ಲಿ ಬೇಡ. ನಾಲ್ಕೂ ಕಡೆ ಗಾಳಿಯಾಡಲಿ.

ರಿಮೋಟ್ ಇಲ್ಲವಲ್ಲ ಅಂತೀರಾ? ಆಟಕ್ಕೆ ಹಿಡಿಯುವ ಕಡ್ಡಿಗುಂಡಿಗಳ ಹಿಡಿಯೇ ರಿಮೋಟ್. ಅದರಲ್ಲಿ ಸ್ಟಾರ್ಟ್ ಎಂಬ ಗುಂಡಿ ಓಡಿಸಲು, ನಿಲ್ಲಿಸಲು. ಮುಂಭಾಗದ ಬಲಬದಿಯಲ್ಲಿ ಎರಡು ಗುಂಡಿಗಳಿವೆ. ಮೇಲಿನದು ಮುಂದಿನ ಭಾಗಕ್ಕೆ ಹಾರಿಸುತ್ತದೆ, ಕೆಳಗಿನದು ಬೇಗ ಓಡಿಸುತ್ತದೆ. ಎಡಬದಿಯವು ಹಿಂದಕ್ಕೆ. ಮಿಕ್ಕ ಗುಂಡಿಗಳ ಗೋಜು ಬೇಡ. ಅತ್ತೆಯವರಿಗೆ ಗುರುತು ಸಿಗಲಿ ಎಂದು ಸ್ಟಾರ್ಟ್ ಗುಂಡಿಯ ಪಕ್ಕ ಒಂದು ಕೆಂಪು ಸ್ಟಿಕ್ಕರ್ ಬಿಂದಿ ಅಂಟಿಸಿದೆ. ಈಗ ಅವರೇ ನಿಲ್ಲಿಸುತ್ತಾರೆ, ಅವರೇ ಓಡಿಸುತ್ತಾರೆ.

ಚಿತ್ರ ಹೇಗೆ ಬಂತು ಎಂದರೆ, ಹಳೆಯ ಡಿವಿಡಿ ಪ್ಲೇಯರಿಗಿಂತ ಚೆನ್ನಾಗಿಯೇ ಬಂತು. ನಮ್ಮ ದೇಶದ ಡಿವಿಡಿಯಲ್ಲಿ ಚಿತ್ರಕ್ಕೆ 576 ಗೆರೆ. ದೊಡ್ಡ ಟಿವಿಯಲ್ಲಿ 1080. ಪ್ಲೇಸ್ಟೇಷನ್ 3 ನಡುವಿನ ಗೆರೆಗಳನ್ನು ತಾನೇ ಲೆಕ್ಕ ಹಾಕಿ ತುಂಬಿಕೊಡುತ್ತದೆ. ಹರಿದಲ್ಲಿ ಎಳೆ ಎಳೆಯಾಗಿ ರಫೂ ಮಾಡಿದ ಹಾಗೆ. ಇಲ್ಲದ ವಿವರ ಅದರಿಂದ ಹುಟ್ಟುವುದಿಲ್ಲ, ಚಿತ್ರ ಒಡಕಲಾಗಿ ಕಾಣುವುದು ಕಡಿಮೆಯಾಗುತ್ತದೆ.

ಮೊದಲ ಡಿಸ್ಕಿನಲ್ಲಿ ಸಂಕಲ್ಪ. ಪುರೋಹಿತರು ಹೇಳಿಸಿದ್ದನ್ನು ಮಾವನವರು ಹೇಳುತ್ತಿದ್ದಾರೆ, ನಡುವೆ ಒಮ್ಮೆ ಕೆಮ್ಮಿ, "ಸ್ವಲ್ಪ ನೀರು" ಅನ್ನುತ್ತಾರೆ. ಅತ್ತೆ ಅಲ್ಲೇ ಕೆಂಪು ಬಿಂದಿಯ ಗುಂಡಿ ಒತ್ತಿ ನಿಲ್ಲಿಸಿದರು. ಹಿಂದಕ್ಕೆ ಹಾಕಿಸಿ ಮತ್ತೆ ಕೇಳಿದರು. ಮತ್ತೆ. ಮಂತ್ರವಲ್ಲ, ಆ ಎರಡು ಮಾತು. ಎರಡನೆಯ ಡಿಸ್ಕಿನಲ್ಲಿ ಮಾಂಗಲ್ಯಧಾರಣೆ. ಅರವತ್ತರ ಗಂಡ ಮತ್ತೊಮ್ಮೆ ತಾಳಿ ಕಟ್ಟುವಾಗ ಗಂಟು ಬೀಳದೆ ತಡವರಿಸಿದ್ದು ನೋಡಿ ನಾವೆಲ್ಲ ನಕ್ಕೆವು. ಆಗ ನಮ್ಮವರೂ ಬಂದು ಕೂತಿದ್ದರು. ಮೂರನೆಯದು ಊಟದ ಪಂಕ್ತಿ. ಅರ್ಧಕ್ಕೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇಹೋಯಿತು. ಮಾವನವರು ಪಂಕ್ತಿಯಲ್ಲಿ ಮೊಮ್ಮಗನಿಗೆ ತುತ್ತು ಕೊಟ್ಟದ್ದು ಅದರಲ್ಲಿತ್ತು. ಎಷ್ಟು ಸಲ ಹಾಕಿದರೂ ಅಲ್ಲಿಂದ ಮುಂದೆ ಹೋಗಲಿಲ್ಲ.

ಯಂತ್ರದ ತಪ್ಪಲ್ಲ ಅದು. ಸಿನಿಮಾ ಕಂಪನಿಯವರ ಡಿಸ್ಕುಗಳನ್ನು ಅಚ್ಚೊತ್ತಿ ಮಾಡುತ್ತಾರೆ. ಸ್ಟುಡಿಯೋದವರು ಕೊಡುವವುಗಳಲ್ಲಿ ಒಂದು ಬಣ್ಣದ ಪದರ ಇದ್ದು, ಅದರ ಮೇಲೆ ಬೆಳಕಿನಿಂದ ಬರೆದಿರುತ್ತದೆ. ಆ ಬಣ್ಣ ಬಿಸಿಲಿಗೆ, ಸೆಕೆಗೆ, ತೇವಕ್ಕೆ ನಿಧಾನವಾಗಿ ಮಾಸುತ್ತದೆ. ಮೂರನೆಯ ಡಿಸ್ಕಿನ ಡಬ್ಬಿ ಒಡೆದು, ಅದೊಂದು ಮಾತ್ರ ಕಿಟಕಿ ಪಕ್ಕದ ಗಾಜಿನ ಷೋಕೇಸಿನಲ್ಲಿತ್ತು. ಬೀರುವಿನ ಕತ್ತಲೆಯಲ್ಲಿದ್ದ ಎರಡೂ ಉಳಿದವು.

ಗೀರು, ಕೊಳೆಯಿಂದ ನಿಲ್ಲುವ ಡಿಸ್ಕಾದರೆ ಉಪಾಯವಿದೆ. ಮೆತ್ತಗಿನ ಹತ್ತಿ ಬಟ್ಟೆ ತೆಗೆದುಕೊಂಡು ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಒರೆಸಿ. ತಟ್ಟೆ ಒರೆಸಿದಂತೆ ಸುತ್ತಲೂ ತಿರುಗಿಸಿ ಒರೆಸಬಾರದು; ಆ ದಿಕ್ಕಿನ ಗೀರು ಬಿದ್ದರೆ ಓದುವುದು ಕಷ್ಟ. ಸೀಡಿಯ ಹೆಸರು ಬರೆದ ಬದಿಯೇ ಹೆಚ್ಚು ನಾಜೂಕು, ಲೋಹದ ಪದರ ಅದರ ಅಡಿಯಲ್ಲೇ ಇದೆ. ಡಿವಿಡಿಯಲ್ಲಿ ಅದು ಎರಡು ಹಾಳೆಗಳ ನಡುವೆ ಹೋಳಿಗೆಯ ಹೂರಣದಂತೆ ಇರುತ್ತದೆ.

ಅಂತೂ ಡಿಸ್ಕು ಓಡಿತು ಎಂದು ಸಮಾಧಾನಪಟ್ಟು ಮತ್ತೆ ಬೀರುವಿಗೆ ಇಡಬೇಡಿ. ಓಡುವಾಗಲೇ ನಕಲು ಮಾಡಿಸಿ. ಈ ಕೆಲಸ ಆಟದ ಪೆಟ್ಟಿಗೆಯಿಂದ ಆಗದು, ಅದು ಡಿವಿಡಿಯನ್ನು ತೋರಿಸುತ್ತದೆ, ಇಳಿಸಿಕೊಡುವುದಿಲ್ಲ. ಡಿಸ್ಕ್ ಡ್ರೈವ್ ಇರುವ ಹಳೆಯ ಕಂಪ್ಯೂಟರ್ ಬೇಕು, ಇಲ್ಲವೆ ಲ್ಯಾಪ್‌ಟಾಪಿಗೆ ಹೊರಗಿನಿಂದ ಜೋಡಿಸುವ ಡ್ರೈವ್. ನಾನು ನಮ್ಮೂರಿನ ಜೆರಾಕ್ಸ್ ಅಂಗಡಿಯ ಹುಡುಗನಿಂದ ಮಾಡಿಸಿದೆ. 2001ರ ನಾದಿನಿಯ ಮದುವೆಯ ವಿಸಿಡಿಗಳನ್ನೂ ಅವನೇ ತೆರೆದುಕೊಟ್ಟ. ಎಲ್ಲವನ್ನೂ ಎಂಪಿ4 ಮಾಡಿಸಿ ಪೆನ್ ಡ್ರೈವಿಗೆ ಹಾಕಿಸಿದ ಮೇಲೆ, ಅದೇ ಪ್ಲೇಸ್ಟೇಷನ್ 3ರ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿ ಟಿವಿಯಲ್ಲಿ ನೋಡಬಹುದು. ಪೆನ್ ಡ್ರೈವ್ ಫ್ಯಾಟ್ 32 ಪದ್ಧತಿಯಲ್ಲಿರಬೇಕು, ಒಂದೊಂದು ಫೈಲೂ 4 ಜಿಬಿಯೊಳಗಿರಬೇಕು ಎಂದು ಹುಡುಗನಿಗೆ ಹೇಳಿ, ಅವನಿಗೆ ಅರ್ಥವಾಗುತ್ತದೆ. ಫೋಟೋಗಳನ್ನೂ ಹಾಗೇ ಒಂದಾದ ಮೇಲೊಂದು ತೋರಿಸುತ್ತದೆ. ಪ್ಲೇಸ್ಟೇಷನ್ 2ರಲ್ಲಿ ಯುಎಸ್‌ಬಿ ಕಿಂಡಿ ಇದ್ದರೂ ಪೆನ್ ಡ್ರೈವಿನ ಸಿನಿಮಾ ನಡೆಯದು.

ವಿದೇಶದಲ್ಲಿ ಮಕ್ಕಳಿರುವವರಿಗೂ ಪೆನ್ ಡ್ರೈವೇ ಮೇಲು. ನಮ್ಮಲ್ಲಿ ಸೆಕೆಂಡಿಗೆ 25 ಚಿತ್ರಗಳ ಪಾಲ್ ಪದ್ಧತಿ, ಅಮೆರಿಕದಲ್ಲಿ ಸುಮಾರು 30 ಚಿತ್ರಗಳ ಎನ್‌ಟಿಎಸ್‌ಸಿ. ಅಲ್ಲಿಯ ಮಾರುಕಟ್ಟೆಗೆಂದೇ ಮಾಡಿದ ಪ್ಲೇಸ್ಟೇಷನ್ 3 ನಮ್ಮ ಪಾಲ್ ಡಿವಿಡಿಯನ್ನು ತೋರಿಸುವುದಿಲ್ಲ. ಅಂಗಡಿಯ ಸಿನಿಮಾ ಡಿಸ್ಕುಗಳಿಗೆ ವಲಯದ ಸಂಖ್ಯೆಯ ಕಟ್ಟುಪಾಡು ಬೇರೆ, ಭಾರತ 5ನೆಯದು, ಅಮೆರಿಕ 1ನೆಯದು. ಮದುವೆ ಡಿಸ್ಕಿಗೆ ಸಾಮಾನ್ಯವಾಗಿ ವಲಯದ ತೊಡಕಿಲ್ಲ, ಪಾಲ್ ತೊಡಕು ಮಾತ್ರ ಉಂಟು.

ಮನೆಯಲ್ಲಿ ಇಲ್ಲದವರು ಡಿಸ್ಕ್ ನೋಡುವುದಕ್ಕೆಂದೇ ಆಟದ ಪೆಟ್ಟಿಗೆ ಕೊಳ್ಳಬೇಕೇ? ಖಂಡಿತ ಬೇಡ. ಆ ದುಡ್ಡಿಗಿಂತ ಕಡಿಮೆಗೆ ಹೊರಗಿನ ಡ್ರೈವ್ ಬರುತ್ತದೆ. ಇದ್ದವರು ಮಾತ್ರ ಗುಜರಿಯವನಿಗೆ ಕೊಡದೆ ಉಳಿಸಿಕೊಳ್ಳಿ.

ನಕಲು ಎರಡಿರಲಿ, ಒಂದು ನಿಮ್ಮಲ್ಲಿ, ಒಂದು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ. ಮೂಲ ಡಿಸ್ಕುಗಳನ್ನು ಡಬ್ಬಿಯಲ್ಲಿ ನಿಲ್ಲಿಸಿ ಇಡಿ. ಹೆಸರು ಬರೆಯುವುದಾದರೆ ಬಾಲ್ ಪೆನ್ನು ಬೇಡ, ಅಂಟಿನ ಚೀಟಿಯೂ ಬೇಡ. ಡಿಸ್ಕಿಗೆಂದೇ ಬರುವ ಮೆತ್ತನೆ ತುದಿಯ ಪೆನ್ನಿನಲ್ಲಿ, ನಡುವಿನ ತೂತಿನ ಸುತ್ತ ಇರುವ ಪಾರದರ್ಶಕ ಭಾಗದಲ್ಲಿ, ಯಾರ ಕಾರ್ಯ, ಯಾವ ವರ್ಷ, ಎಷ್ಟನೆಯ ಡಿಸ್ಕು, ಇಷ್ಟು ಬರೆದರೆ ಸಾಕು.