ಒಂಟಿ ಮರದಿಂದ ಅಳಿವೆಯವರೆಗೆ

ಬೆಂಗಳೂರು ಗ್ರಾಮಾಂತರದ ವಿಜಯಪುರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡಿನ ದರದ ಮಾತು ಮುಗಿದ ಮೇಲೆ ಬರುವುದು ನೀರಿನ ಮಾತು. ಹಿಪ್ಪುನೇರಳೆಗೆ ನೀರು ಬೇಕು, ದ್ರಾಕ್ಷಿ ಚಪ್ಪರಕ್ಕೂ ಬೇಕು. ಕೊಳವೆಬಾವಿ ಸಾವಿರ ಅಡಿ ದಾಟಿದರೂ ಬರೀ ದೂಳು ಬಂದ ಕಥೆ ಇಲ್ಲಿ ಮನೆಮನೆಯಲ್ಲೂ ಇದೆ. ಹಿಂದೆ ವಡಿಗೇನಹಳ್ಳಿ ಎನಿಸಿಕೊಂಡಿದ್ದ ಈ ಊರಿನ ಸುತ್ತ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರ್. ಪಕ್ಕದಲ್ಲೇ ನಂದಿಬೆಟ್ಟವಿದೆ, ಅದರ ಸುತ್ತಮುತ್ತ ಪಿನಾಕಿನಿಯರೂ ಅರ್ಕಾವತಿಯೂ ಹುಟ್ಟುತ್ತವೆ. ಆದರೆ ವರ್ಷದ ಬಹುಪಾಲು ಆ ನದಿಗಳ ಪಾತ್ರದಲ್ಲಿ ಕಾಣುವುದು ಮರಳು, ಜಾಲಿ.

ಇಂಥ ಊರಿನಿಂದ ದಸರೆಯ ರಜೆಗೆ ಎಲ್ಲಿಗೆ ಹೋಗಬೇಕು ಎಂದು ಯಾರಾದರೂ ಕೇಳಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದತ್ತ ಕೈ ತೋರಿಸಬೇಕು. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಿಗೆ ಹಬ್ಬಿರುವ ಈ ಕಾಡು ಒಂದು ಮಗ್ಗುಲಲ್ಲಿ ಮಲೆನಾಡಿನದು, ಇನ್ನೊಂದು ಮಗ್ಗುಲಲ್ಲಿ ಕರಾವಳಿಯದು. ಕುದುರೆಯ ಮುಸುಡಿಯಂತೆ ಕಾಣುವ ಇದರ ಶಿಖರ ಹಿಂದೆ ಅರಬ್ಬಿ ಸಮುದ್ರದ ಹಡಗಿನವರಿಗೆ ದಿಕ್ಕಿನ ಗುರುತಾಗಿತ್ತಂತೆ. ಇಲ್ಲಿ ವರ್ಷಕ್ಕೆ ಸುರಿಯುವ ಮಳೆ ಆರೇಳು ಸಾವಿರ ಮಿಲಿಮೀಟರ್. ವಿಜಯಪುರದವರು ಏಳೆಂಟು ವರ್ಷ ಕಾದು ಕಾಣುವ ಮಳೆಯನ್ನು ಈ ಗುಡ್ಡಗಳು ಒಂದೇ ವರ್ಷದಲ್ಲಿ ಕುಡಿಯುತ್ತವೆ.

ರಾತ್ರಿ ಊಟ ಮುಗಿಸಿ ಹೊರಟರೆ ದೊಡ್ಡಬಳ್ಳಾಪುರ, ನೆಲಮಂಗಲ, ಹಾಸನ, ಬೇಲೂರು ದಾಟಿ ಬೆಳಗಿನ ಜಾವಕ್ಕೆ ಕೊಟ್ಟಿಗೆಹಾರ. ಅಲ್ಲಿಂದ ಕಳಸ, ಸಂಸೆ. ಸಂಸೆಯ ಬಳಿಯಿಂದ ಮುಳ್ಳೋಡಿಗೆ ಜೀಪೇ ಗತಿ. ಆ ಕಲ್ಲುದಾರಿಯಲ್ಲಿ ಕಾರು ಇಳಿಸುವ ಸಾಹಸ ಬೇಡ. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆದಿರಬೇಕು. ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿಯಿದೆ, ಬೆಟ್ಟದ ಮೇಲೆ ರಾತ್ರಿ ತಂಗುವಂತಿಲ್ಲ. ರಜೆಯ ಗದ್ದಲದಲ್ಲಿ ಈ ನಿಯಮಗಳು ಕಿರಿಕಿರಿ ಎನಿಸಬಹುದು. ಆದರೆ ಚಾರಣದ ಬೆಟ್ಟಗಳಲ್ಲಿ ಜನ ಜಾತ್ರೆಯಂತೆ ನೆರೆದದ್ದನ್ನು ಕಂಡವರು ಈ ಮಿತಿಯನ್ನು ಒಪ್ಪುತ್ತಾರೆ.

ಹೋಗಿಬರುವ ನಡಿಗೆ ಸುಮಾರು 20 ಕಿಲೋಮೀಟರ್. ಶಿಖರದ ಎತ್ತರ ಹೆಚ್ಚುಕಡಿಮೆ 1,890 ಮೀಟರ್. ಮೊದಲ ಗಂಟೆಯಲ್ಲಿ ಬಯಲುಸೀಮೆಯವರ ಗಮನವೆಲ್ಲ ಕಾಲಿನ ಮೇಲೆಯೇ. ಅವರು ಜಿಗಣೆ ಎನ್ನುವುದನ್ನು ಇಲ್ಲಿನವರು ಉಂಬಳ ಎನ್ನುತ್ತಾರೆ. ಅದಕ್ಕೆ ಉಪ್ಪಿನ ಪೊಟ್ಟಣವೊಂದು ಜೇಬಿನಲ್ಲಿದ್ದರೆ ಸಾಕು. ಸ್ವಲ್ಪ ದೂರ ಹೋದರೆ ಬೋಳುಗುಡ್ಡದ ಮೇಲೆ ಒಂದೇ ಒಂದು ಮರ. ಚಾರಣದವರು ಅದನ್ನು ಒಂಟಿ ಮರ ಎಂದೇ ಕರೆಯುತ್ತಾರೆ. ಅದರ ನೆರಳಿನಲ್ಲಿ ಪುಳಿಯೋಗರೆ ಗಂಟು ಬಿಚ್ಚಿ ಕುಳಿತರೆ ಕಾಡಿನ ವಿನ್ಯಾಸ ಪೂರ್ತಿ ಕಣ್ಣಿಗೆ ಬೀಳುತ್ತದೆ: ಗುಡ್ಡದ ಬೆನ್ನಿನ ಮೇಲೆಲ್ಲ ಹುಲ್ಲು, ಗುಡ್ಡಗಳ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಒತ್ತಾಗಿ ಬೆಳೆದ ಶೋಲಾ ಕಾಡು.

ಮೊದಲ ಸಲ ನೋಡುವವರಿಗೆ ಆ ಬೋಳು ಗುಡ್ಡ ಮರ ಕಡಿದು ಹಾಳುಮಾಡಿದ ಜಾಗದಂತೆ ತೋರುತ್ತದೆ. ಹಾಗಲ್ಲ. ಗಾಳಿಯ ಹೊಡೆತಕ್ಕೆ ಮೈಯೊಡ್ಡಿದ ಏಣುಗಳಲ್ಲಿ ಮಣ್ಣು ತೆಳು, ಅದು ಹುಲ್ಲಿಗೇ ಒಗ್ಗುತ್ತದೆ. ತೇವ ನಿಲ್ಲುವ, ಮಣ್ಣು ಆಳವಾಗಿರುವ ಕಣಿವೆಯಲ್ಲಿ ಮರಗಳು ನಿಲ್ಲುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದನ್ನು ಹುಲ್ಲಿನ ಬೇರುಗಳೂ ತರಗೆಲೆಯ ಮೆತ್ತೆಯೂ ಪಾಚಿ ಹೊತ್ತ ಕಾಂಡಗಳೂ ಹಿಡಿದಿಟ್ಟು ಮೆಲ್ಲಗೆ ಬಿಡುತ್ತವೆ. ಅಕ್ಟೋಬರಿನಲ್ಲಿ ಈ ಕೆಲಸ ಕಣ್ಣೆದುರಿಗೇ ನಡೆಯುತ್ತಿರುತ್ತದೆ. ಮೇಲೆ ಮೋಡವಿಲ್ಲ, ಮಳೆ ನಿಂತು ವಾರವಾಗಿದೆ, ಆದರೂ ಪ್ರತಿ ಮಡಿಕೆಯಿಂದ ಒಂದು ತೊರೆ ಇಳಿಯುತ್ತದೆ. ಒದ್ದೆ ಬಂಡೆಗಳ ಮೇಲೆ ಕರ್ಣಕುಂಡಲದ ಪುಟ್ಟ ಗುಲಾಬಿ ಹೂಗಳು. ಶೋಲಾದೊಳಗೆ ಕಾಲಿಟ್ಟೊಡನೆ ತಣ್ಣನೆಯ ಕತ್ತಲು, ಎಲ್ಲಿಂದಲೋ ಸಿಳ್ಳಾರ ಹಕ್ಕಿಯ ಶಿಳ್ಳೆ. ಕೆರೆ ತುಂಬಿದ ಮೂರೇ ತಿಂಗಳಲ್ಲಿ ಒಣಗುವುದನ್ನು ನೋಡುತ್ತ ಬೆಳೆದವರಿಗೆ ಜಲಪಾತಕ್ಕಿಂತ ಈ ಸಣ್ಣ ತೊರೆಗಳೇ ದೊಡ್ಡ ನೋಟ.

ಕೊನೆಯ ಏರು ಕಡಿದು. ಶಿಖರದಿಂದ ಆಕಾಶ ತಿಳಿಯಾಗಿದ್ದರೆ ಪಡುವಣದಲ್ಲಿ ಸಮುದ್ರದ ಹೊಳೆಯುವ ಗೆರೆ ಕಾಣುತ್ತದೆ, ಮಂಜು ಕವಿದರೆ ಪಕ್ಕದವರ ಮುಖವೂ ಕಾಣುವುದಿಲ್ಲ. ಎರಡಕ್ಕೂ ಸಿದ್ಧರಾಗಿಯೇ ಹತ್ತಬೇಕು.

ಮರುದಿನ ಕುದುರೆಮುಖ ಪಟ್ಟಣದ ಮೂಲಕ ಹೋಗುವವರು ಅಲ್ಲಿ ಗಾಡಿಯ ವೇಗ ಇಳಿಸಬೇಕು. ಮನೆಗಳ ಸಾಲು, ರಸ್ತೆಗಳು, ಎಲ್ಲ ಇವೆ, ಜನ ವಿರಳ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇರಾನಿನ ಸಾಲದ ಭರವಸೆಯ ಮೇಲೆ ಎದ್ದ ಯೋಜನೆ. 1979ರ ಕ್ರಾಂತಿಯಿಂದ ಇರಾನ್ ಹಿಂದೆ ಸರಿದರೂ ಯೋಜನೆ ಮುಂದುವರಿಯಿತು. ಅದಿರನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಬಂದರಿಗೆ ಕಳಿಸುತ್ತಿದ್ದರು. ಉಳಿದ ಕೆಸರನ್ನು ತಡೆಯಲು ಸುಮಾರು ನೂರು ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ಕಟ್ಟಿದರು. ಮಳೆಗಾಲದಲ್ಲಿ ಗಣಿಯ ಮಣ್ಣು ತೊಳೆದುಹೋಗುತ್ತಿದ್ದುದು ಭದ್ರಾ ನದಿಗೆ.

ಈ ನಡುವೆ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಇಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದರು, 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಅವರ ಹೆಸರಿನ ಪ್ರಕರಣದಲ್ಲಿ ಗಣಿ ನಿಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪಿತ್ತಿತು. 2005ರ ಕೊನೆಗೆ ಗಣಿ ನಿಂತಿತು. ಕೆಲಸ ಕಳೆದುಕೊಂಡ ಕುಟುಂಬಗಳ ನೋವು ಸಣ್ಣದಲ್ಲ. ಆದರೂ ಆ ತೀರ್ಪು ಸರಿಯಾದದ್ದೇ. ಕಬ್ಬಿಣಕ್ಕೆ ಬೇರೆ ಬೆಟ್ಟಗಳಿವೆ, ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುವ ಬೆಟ್ಟಸಾಲು ಇದೊಂದೇ.

ಆ ಮೂವರ ತವರು ಗಂಗಾಮೂಲ, ಪಟ್ಟಣದಿಂದ ಮುಂದಕ್ಕೆ ಹೋಗುವ ಕಾಡುದಾರಿಯ ಆಸುಪಾಸಿನಲ್ಲೇ ಇದೆ. ತುಂಗೆ ಶೃಂಗೇರಿಗೆ, ಭದ್ರೆ ಕಳಸಕ್ಕೆ ಹೊರಡುತ್ತಾರೆ. ಶಿವಮೊಗ್ಗದ ಬಳಿಯ ಕೂಡ್ಲಿಯಲ್ಲಿ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿಯವರೆಗೂ ಹೋಗುತ್ತಾರೆ. ನೇತ್ರಾವತಿ ಮಾತ್ರ ಪಡುವಣಕ್ಕೆ ತಿರುಗಿ ಧರ್ಮಸ್ಥಳ, ಉಪ್ಪಿನಂಗಡಿ, ಬಂಟ್ವಾಳ ಹಾದು ಮಂಗಳೂರು ಸೇರುತ್ತಾಳೆ.

ಹನುಮನಗುಂಡಿ ಜಲಪಾತದ ಮೆಟ್ಟಿಲಿಳಿದು ಹತ್ತಿ, ಘಟ್ಟ ಇಳಿದರೆ ಕಾರ್ಕಳ. 1432ರಲ್ಲಿ ನಿಂತ 42 ಅಡಿಯ ಗೊಮ್ಮಟನ ಪಾದದ ಬಳಿಯಿಂದ ಹಿಂದೆ ತಿರುಗಿದರೆ ಬಂದ ಘಟ್ಟವೇ ನೀಲಿಯಾಗಿ ಹರಡಿಕೊಂಡಿರುತ್ತದೆ. ಮಂಗಳೂರಿನಲ್ಲಿ ನವರಾತ್ರಿಯ ಹೊತ್ತಿಗೆ ಬೀದಿಬೀದಿಯಲ್ಲಿ ಹುಲಿವೇಷದ ತಾಸೆ ಸದ್ದು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿ ದೇವಾಲಯದಲ್ಲಿ ಕಾಲಿಡಲೂ ಜಾಗವಿಲ್ಲ. ಸಂಜೆಗೆ ನೇತ್ರಾವತಿಯ ಅಳಿವೆ. ಮಕ್ಕಳಿಗೆ ಮರಳು, ಅಲೆ ಸಾಕು. ದೊಡ್ಡವರು ನದಿ ಸಮುದ್ರ ಸೇರುವ ಕಡೆ ನೋಡುತ್ತ, ಇಷ್ಟೊಂದು ನೀರು ಸುಮ್ಮನೆ ಹೋಗುತ್ತಿದೆಯಲ್ಲ ಎಂದು ಉಸಿರು ಬಿಡುವುದುಂಟು. ಕರಾವಳಿಯವರ ಮುಂದೆ ಹಾಗೆಂದರೆ ಬೇರೆಯದೇ ಉತ್ತರ ಸಿಗುತ್ತದೆ. ಮಂಗಳೂರು ಕುಡಿಯುವುದು ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತ ನೇತ್ರಾವತಿಯನ್ನೇ. ಬೇಸಿಗೆ ಬಿಗಿಯಾದರೆ ಇಲ್ಲೂ ನಲ್ಲಿಗೆ ದಿನ ಬಿಟ್ಟು ದಿನ ನೀರು. ನದಿಯ ಸಿಹಿನೀರು ಕಡಲಿಗೆ ಸೇರಿದರೇ ಅಳಿವೆಯ ಮೀನು, ದಡದ ಬಾವಿ ಉಳಿಯುವುದು. ಈ ಮಾತನ್ನು ಬಯಲುಸೀಮೆಯವರು ಇಲ್ಲೇ ನಿಂತು ಕೇಳಬೇಕು.

ಹಿಂದಿರುಗುವುದು ಶಿರಾಡಿ ಘಾಟಿಯಲ್ಲಿ. ಸಕಲೇಶಪುರದ ಸುತ್ತಿನ ಕಾಡಿನಲ್ಲಿ ಎತ್ತಿನಹೊಳೆ ಎಂಬ ಹಳ್ಳವಿದೆ, ಅದರ ನೀರೂ ಕೊನೆಗೆ ಸೇರುವುದು ನೇತ್ರಾವತಿಯನ್ನೇ. ಅಲ್ಲಿಂದ ಮಳೆಗಾಲದ 24.01 ಟಿಎಂಸಿ ನೀರನ್ನು ಮೇಲೆತ್ತಿ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡೆಗೆ ಒಯ್ಯುವ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ಸಿಕ್ಕಿತು. ಸಕಲೇಶಪುರದ ಸೀಮೆಯಲ್ಲಿ ಆಳೆತ್ತರ ಮೀರಿದ ಕೊಳವೆಗಳು ಕಾಣಿಸಿದಾಗ ವಿಜಯಪುರದ ಗಾಡಿಯಲ್ಲಿ ನಿದ್ದೆಗೆ ಜಾರಿದವರೂ ಎದ್ದು ಕೂರುತ್ತಾರೆ. ಕೊಳವೆಯ ಮುಖ ಮೂಡಣಕ್ಕೆ, ಗಾಡಿಯದೂ ಮೂಡಣಕ್ಕೆ.